ಹುಳುಮನೆಯ ಬಾಗಿಲವರೆಗೆ

ಗೌರಿಬಿದನೂರು ಬಿಟ್ಟಾಗ ಬೆಳಿಗ್ಗೆ ಆರೂವರೆ. ಭಾನುವಾರ ಅಷ್ಟು ಬೇಗ ಎದ್ದಿದ್ದಕ್ಕೇ ನನಗೆ ಅರ್ಧ ಸುಸ್ತಾಗಿತ್ತು. ಕಾರು ಓಡಿಸುತ್ತಿದ್ದವಳು ನನ್ನ ದೊಡ್ಡಮ್ಮನ ಮಗಳು ಸುಮಕ್ಕ. ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿ ಹೇಳಿ ಬೇಸತ್ತವಳು, ಈಗ ಬೆಂಗಳೂರಿನವರನ್ನು ನಮ್ಮ ಕಡೆ ಸುತ್ತಿಸುವ ಕೆಲಸ ಹಿಡಿಯಲು ಹೊರಟಿದ್ದಳು. ಮುಂದಿನ ಭಾನುವಾರ ಮೊದಲ ಆರು ಜನ ಬರುವವರಿದ್ದರು. ಅವರು ಕೇಳಿದ್ದು ಎರಡೇ: ವೈನ್ ರುಚಿ ನೋಡಬೇಕು, ರೇಷ್ಮೆಹುಳು ನೋಡಬೇಕು. ಚೆನ್ನಾಗಿ ನಡೆದರೆ ಶಾಲೆಗೆ ರಾಜೀನಾಮೆ, ಕೆಟ್ಟರೆ ಮತ್ತೆ ಏಳನೇ ತರಗತಿಯ ಗಣಿತ. ದಾರಿಯಲ್ಲಿ ತಪ್ಪು ಹುಡುಕಲೆಂದೇ ನನ್ನನ್ನು ಕರೆದಿದ್ದಳು. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನನಗೆ ಉಳಿದಿದ್ದು ಅದೊಂದೇ ವಿದ್ಯೆ.

ಮಂಚೇನಹಳ್ಳಿವರೆಗೆ ರಸ್ತೆ ಉಬ್ಬುಗಳನ್ನು ಎಣಿಸಿದೆ. ಹತ್ತೊಂಬತ್ತಾದ ಮೇಲೆ ಬಿಟ್ಟೆ. ಮುಂದೆ ಜಲ್ಲಿ ಲಾರಿ, ಅದರ ಧೂಳು.

"ಎಡಗಡೆ ನೋಡೇ, ಬೆಟ್ಟ," ಅಂದಳು ಸುಮಕ್ಕ.

"ಅರ್ಧ ಕ್ರಷರ್‌ಗೆ ಹೋಗಿದೆ."

"ಇನ್ನರ್ಧ ನೋಡು ಕಣೇ."

ಚಿಕ್ಕಬಳ್ಳಾಪುರದಲ್ಲಿ ನಿಂತುಕೊಂಡೇ ಇಡ್ಲಿ ತಿಂದೆವು. ಹತ್ತು ಗಂಟೆಗೆ ಮಂಡಿಕಲ್ ಕಡೆಯ ಒಂದು ದ್ರಾಕ್ಷಿ ತೋಟ. ಅಲ್ಲೇ ವೈನ್ ಮಾಡುತ್ತಾರೆ. ತಗಡಿನ ಶೆಡ್ಡಿನಲ್ಲಿ ನಾಲ್ಕು ಲೋಟ ಸಾಲಾಗಿಟ್ಟರು. ಸುಮಕ್ಕ ಗಾಡಿ ಓಡಿಸಬೇಕಾದ್ದರಿಂದ ಮುಟ್ಟಲಿಲ್ಲ. ಅತಿಥಿಯ ಪಾತ್ರ ನನ್ನದು.

"ಕಾಳುಮೆಣಸಿನ ವಾಸನೆ ಬರುತ್ತೆ ನೋಡಿ ಮೇಡಂ," ಅಂದರು ತೋರಿಸುತ್ತಿದ್ದ ನರೆಗೂದಲಿನವರು.

"ನನಗೆ ದ್ರಾಕ್ಷಿಯದೇ ಬರ್ತಿದೆ."

"ಅದೂ ಬರುತ್ತೆ ಮೇಡಂ."

ಶಿಡ್ಲಘಟ್ಟದ ಹತ್ತಿರದ ಹಳ್ಳಿ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಬೆನ್ನು ನೋಯುತ್ತಿತ್ತು. ಸುಮಕ್ಕನ ಸೋದರತ್ತೆ ನಾರಾಯಣಮ್ಮನವರ ಹುಳುಮನೆ ಅಲ್ಲಿದೆ. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಕಾಲು ತೊಳೆದು ಹೊಸ್ತಿಲಿಗೆ ಬಂದೆ. ಅತ್ತೆ ಕೈ ಅಡ್ಡ ಹಿಡಿದರು.

"ಏನಮ್ಮಾ, ಕುಡಿದು ಬಂದಿದ್ದೀಯಾ?"

"ರುಚಿ ನೋಡಿದೆ ಅತ್ತೆ, ನಾಲ್ಕೇ ಗುಟುಕು."

"ನಾಲ್ಕೋ ನಲವತ್ತೋ, ಒಳಗೆ ಬರಬೇಡ. ಈ ವಾಸನೆಗೆ ಹುಳ ಸೊಪ್ಪು ಮುಟ್ಟಲ್ಲ."

ನಾನು ಬಿಡಲಿಲ್ಲ. ಯಾರು ಪರೀಕ್ಷಿಸಿದ್ದಾರೆ, ಪುರಾವೆ ಏನು, ನಾಲ್ಕು ಗುಟುಕಿನ ವಾಸನೆ ಹುಳುವಿನವರೆಗೆ ಹೋಗುತ್ತದೆಯೇ ಎಂದು ಒಂದೊಂದೇ ಕೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಬೀಡಿ ಸೇದಿದ ದಿನ ನಮ್ಮ ಯಜಮಾನ್ರನ್ನೂ ಬಿಡಲ್ಲಮ್ಮ. ಮೂವತ್ತು ವರ್ಷದಿಂದ ಇದೇ ವಾದ ಮಾಡ್ತಾ ಜಗಲಿ ಮೇಲೇ ಕೂತಿದ್ದಾರೆ. ನೀನೂ ಕೂತ್ಕೊ, ಮುದ್ದೆ ತರ್ತೀನಿ."

ಯಜಮಾನರು ಕಾಲು ಮಡಚಿ ಸರಿದು ಜಾಗ ಮಾಡಿಕೊಟ್ಟರು.

ಸುಮಕ್ಕ ಒಬ್ಬಳೇ ಒಳಗೆ ಹೋಗಿ ಬಂದಳು. ಮುಖ ಇಳಿದಿತ್ತು. ಹುಳುವಿನ ಜೊತೆಯಲ್ಲೇ ಬೆಳೆದವಳು, ನಕ್ಷೆ ನೋಡಿ ದಾರಿ ಹಾಕುವಾಗ ಇದನ್ನೇ ಮರೆತಿದ್ದಳು. "ಆರು ಜನಾನೂ ಈ ಜಗಲಿ ಮೇಲೆ ಕೂರಿಸಲಾ?" ಅಂದಳು.

ಈ ಯೋಜನೆ ಬೇಡವೆನ್ನಲು ನನ್ನಲ್ಲಿ ಏಳು ಕಾರಣ ಸಿದ್ಧವಿದ್ದವು. ಬಸ್ಸಾರು ಬೆರಳಿಗೆ ಅಂಟಿತ್ತು, ಕಣ್ಣು ಎಳೆಯುತ್ತಿತ್ತು. ವಾದಕ್ಕೆ ತ್ರಾಣವಿರಲಿಲ್ಲ. ಬಾಯಿಂದ ಬಂದಿದ್ದು ಬೇರೆ.

"ದಾರಿ ಹಿಂದುಮುಂದು ಮಾಡು. ಮೊದಲು ಚಿಂತಾಮಣಿ ಕಡೆ ಅಂಬಾಜಿದುರ್ಗದ ಬೆಟ್ಟ, ಆಮೇಲೆ ಹುಳ, ವೈನು ಕೊನೆಗೆ. ಅಲ್ಲಿಂದ ಬೆಂಗಳೂರಿಗೆ ನೇರ ರಸ್ತೆ, ಕಾರಲ್ಲೇ ನಿದ್ದೆ ಮಾಡ್ತಾರೆ."

"ನಮ್ಮೂರೇ ಬಿಟ್ಟುಹೋಯ್ತಲ್ಲೇ."

"ಕ್ರಷರ್ ನೋಡೋದು ತಪ್ಪಿತು."

ಅತ್ತೆ ತಟ್ಟೆ ಎತ್ತುತ್ತಾ ಅಂದರು: "ಬೆಳಿಗ್ಗೆನೇ ಬರಲಿ. ಸೆಂಟ್ ಹಾಕ್ಕೊಂಡು ಬರಬಾರದು. ಅವತ್ತಿಗೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಿದಿರು ತಟ್ಟೆ ಚಂದ್ರಿಕೆಗೆ ಬಿಡ್ತಾ ಇರ್ತೀವಿ, ನೋಡೋಕೆ ಚೆನ್ನಾಗಿರುತ್ತೆ."

ಸುಮಕ್ಕ ಕಾರಿನ ಕೀಲಿ ಕೈಗೆತ್ತಿಕೊಂಡಳು. "ಹಾಗಾದ್ರೆ ಈಗಲೇ ಚಿಂತಾಮಣಿವರೆಗೆ ಹೋಗಿ ರಸ್ತೆ ನೋಡ್ಕೊಂಡು ಬರಣ." ಸಲಹೆ ನನ್ನದೇ, ಬೇಡವೆನ್ನುವ ಹಾಗಿರಲಿಲ್ಲ.

ಕಾರು ತಿರುಗುವಾಗ ಹಿಂದೆ ನೋಡಿದೆ. ನಾನು ನಿಂತು ವಾದಿಸಿದ್ದ ಜಾಗಕ್ಕೆ ಅತ್ತೆ ಬಗ್ಗಿ, ಹುಳುವಿಗೆ ಸೋಂಕು ತಗಲದಂತೆ ಹಾಕುವ ಸುಣ್ಣದ ಪುಡಿ ಉದುರಿಸುತ್ತಿದ್ದರು. ಯಜಮಾನರು ಜಗಲಿಯ ತುಂಬ ಮತ್ತೆ ಕಾಲು ಚಾಚಿದ್ದರು.