ಹುಲುಗಣ್ಣನಿಗೆ ನಿದ್ದೆ ಹತ್ತಿರಲಿಲ್ಲ

ಆ ಜೀಪನ್ನು ಕಂಬಕ್ಕೆ ಗುದ್ದಿಸಿದವಳು ನಾನು. ಹುಲುಗಪ್ಪನಲ್ಲ. ಲ್ಯಾಬಿನ ಬಿಳಿ ಕೋಟು ಹಾಕಿಕೊಂಡು ಎಲ್ಲರಿಂದ ಮೇಡಂ ಅನ್ನಿಸಿಕೊಳ್ಳುತ್ತಿದ್ದ ನಾನು — ನಾನೇ. ಇಷ್ಟು ಬರೆದು ಪೆನ್ನು ಕೆಳಗಿಟ್ಟೆ ನೋಡಿ. ಭಯಕ್ಕೋ, ಹಗುರಾದದ್ದಕ್ಕೋ ತಿಳಿಯುತ್ತಿಲ್ಲ. ಗುದ್ದಿಸಿದ್ದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಆ ದಿನ ನಾನು ಬಹಳ ಸಂತೋಷವಾಗಿದ್ದೆ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಅದಿರು ಪರೀಕ್ಷೆ ಮಾಡುವ ಕೆಲಸ ನನ್ನದು. ಹೊಸಪೇಟೆಯ ನಮ್ಮ ಮನೆಯಿಂದ ದಿನಾ ನನ್ನನ್ನು ಕರೆದುಕೊಂಡು ಹೋಗಿ ಸಂಜೆ ಬಿಡುತ್ತಿದ್ದವನು ಹುಲುಗಪ್ಪ. ಬುಕ್ಕಸಾಗರದವನು. ವಯಸ್ಸಿನಲ್ಲಿ ನನಗಿಂತ ಹಿರಿಯ, ಹಾಗಾಗಿ ನನಗೆ ಹುಲುಗಣ್ಣ. ಜೀಪು ಕಂಪನಿಯದಲ್ಲ, ಒಂದು ಏಜೆನ್ಸಿಯಿಂದ ಲೀಸಿಗೆ ತಂದದ್ದು. ಅದಕ್ಕೊಂದು ಗೀರು ಬಿದ್ದರೂ ಏಜೆನ್ಸಿಯವರು ಕಂಪನಿಗೆ ಬಿಲ್ಲು ಕಳಿಸುತ್ತಿದ್ದರು, ಕಂಪನಿ ಅದನ್ನು ಡ್ರೈವರ್ ಸಂಬಳದಲ್ಲಿ ಹಿಡಿಯುತ್ತಿತ್ತು. ಯಾರು ಗುದ್ದಿದರು, ಹೇಗೆ ಗುದ್ದಿದರು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಗಾಡಿ ಯಾವ ಡ್ರೈವರಿನ ಕೈಗೆ ಕೊಟ್ಟಿದೆಯೋ ತಪ್ಪು ಅವನದು! ಇದೆಂಥ ನ್ಯಾಯ ಎಂದು ಕ್ಯಾಂಟೀನಿನಲ್ಲಿ ಕೂತು ನಾನೇ ಭಾಷಣ ಬಿಗಿದವಳು. ಡ್ರೈವರುಗಳು ಚಪ್ಪಾಳೆ ಹೊಡೆಯುವುದೊಂದು ಬಾಕಿ ಇತ್ತು.

ನನಗೆ ಗಾಡಿಯ ಹುಚ್ಚು ಯಾವಾಗ ಹಿಡಿಯಿತೋ ಗೊತ್ತಿಲ್ಲ. ಮುಂದಿನ ಸೀಟಿನಲ್ಲಿ ಕೂತು ದಿನಾ ಅವನ ಕಾಲು ನೋಡುತ್ತಿದ್ದೆ — ಕ್ಲಚ್ಚು ಯಾವಾಗ ಒತ್ತುತ್ತಾನೆ, ಎಷ್ಟು ಮೆಲ್ಲಗೆ ಬಿಡುತ್ತಾನೆ. ಮನೆಯಲ್ಲಿ ಅಡುಗೆ ಮಾಡುತ್ತ ಕಾಲಲ್ಲೇ ಅಭ್ಯಾಸ ಮಾಡುತ್ತಿದ್ದೆ. ಯಜಮಾನರಿಗೆ ಹೇಳಿದರೆ, "ನಿಂಗ್ಯಾಕ ಬೇಕು ಆ ಉಸಾಬರಿ? ಕರ್ಕೊಂಡು ಹೋಗಾಕ ಜೀಪ್ ಐತೆಲ್ಲ," ಎಂದು ನಕ್ಕರು. ಆ ನಗು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಅದೊಂದು ರಜೆಯ ದಿನ. ತುರ್ತಾಗಿ ಸ್ಯಾಂಪಲ್ ಬೇಕೆಂದು ನಮ್ಮಿಬ್ಬರನ್ನೇ ಕರೆಸಿದ್ದರು. ಅದಿರು ರಾಶಿ ಹಾಕುವ ಯಾರ್ಡಿನಲ್ಲಿ ಒಂದು ಲಾರಿ ಇಲ್ಲ, ಒಬ್ಬ ಮನುಷ್ಯ ಇಲ್ಲ. ಹುಲುಗಣ್ಣ ಊಟಕ್ಕೆ ಹೋಗುವಾಗ, "ಸ್ಯಾಂಪಲ್ ಚೀಲ ಒಳಗ ಇಟ್ಗರಿ ಮೇಡಂ," ಎಂದು ಕೀಲಿ ನನ್ನ ಕೈಗೆ ಕೊಟ್ಟ. ಚೀಲ ಇಟ್ಟೆ. ಬಾಗಿಲು ಹಾಕಿದೆ. ಆಮೇಲೆ — ಆಮೇಲೆ ಆ ಕಡೆ ಹೋಗಿ ಅವನ ಸೀಟಿನಲ್ಲಿ ಕೂತೆ.

ಸುಮ್ಮನೆ ಕೂರೋಣ ಅಂದುಕೊಂಡಿದ್ದೆ, ದೇವರಾಣೆ. ಕೀಲಿ ತಿರುಗಿಸಿದೆ. ಒಮ್ಮೆ ಜಿಗಿದು ಆಫಾಯಿತು. ಮತ್ತೆ ತಿರುಗಿಸಿದೆ. ಹೊರಟಿತು! ನಾನು ಹೇಳಿದಂತೆ ಕೇಳುತ್ತ ಅಷ್ಟು ದೊಡ್ಡ ಗಾಡಿ ಹೊರಟಿತು! ಮೊದಲ ರಾಶಿಗೆ ಒಂದು ಸುತ್ತು ಹಾಕಿದೆ, ಎರಡನೆಯದನ್ನೂ ಸುತ್ತಿದೆ. ಸೆರಗು ಹಾರುತ್ತಿತ್ತು, ಬಾಯಲ್ಲಿ ಏನೋ ಹಾಡು, ಯಾವ ಹಾಡೋ ನನಗೇ ಗೊತ್ತಿಲ್ಲ. ಸಂಡೂರಿನ ಗುಡ್ಡಗಳೆಲ್ಲ ನನ್ನ ಸುತ್ತ ತಿರುಗುತ್ತಿದ್ದವು. ಒಬ್ಬಳೇ ಗಟ್ಟಿಯಾಗಿ ಕೂಗಿದೆ. ಈಗ ಬರೆಯುವಾಗಲೂ ಕೈಬೆರಳು ಜುಮ್ಮೆನ್ನುತ್ತದೆ — ಏನು ಮಾಡಲಿ, ತಪ್ಪೊಪ್ಪಿಕೊಳ್ಳಲು ಕೂತವಳಿಗೂ ಆ ಖುಷಿಯನ್ನು ಕಡಿಮೆ ಮಾಡಿ ಹೇಳಲು ಬರುತ್ತಿಲ್ಲ.

ಗಾಡಿಯನ್ನು ಮೊದಲಿದ್ದ ಜಾಗಕ್ಕೆ ತರಲು ರಿವರ್ಸ್ ತೆಗೆದುಕೊಂಡೆ. ಧಡ್! ಲಾರಿ ತೂಗುವ ವೇಬ್ರಿಜ್ಜಿನ ಪಕ್ಕದ ಕಬ್ಬಿಣದ ಕಂಬ. ಇಳಿದು ನೋಡಿದರೆ ಹಿಂದಿನ ಮೂಲೆ ಒಳಗೆ ಹೋಗಿತ್ತು, ಬಣ್ಣ ಕಿತ್ತು ತಗಡು ಬೆಳ್ಳಗೆ ಹೊಳೆಯುತ್ತಿತ್ತು.

ನಮ್ಮ ಕಡೆ ಗಾಡಿಗಳಿಗೆಲ್ಲ ಒಂದೇ ಬಣ್ಣ, ಅದಿರಿನ ಧೂಳಿನ ಕೆಂಪು. ಅದರ ಕೆಳಗೆ ಏನಿದೆಯೆಂದು ಯಾರೂ ನೋಡುವುದಿಲ್ಲ, ಏಜೆನ್ಸಿಯವರು ಒಯ್ದು ತೊಳೆಸಿದಾಗಲೇ ಒಳಗಿನದು ಕಾಣುವುದು. ಇದು ನನಗೆ ಗೊತ್ತಿತ್ತು. ಧೂಳು ಏಳದಿರಲೆಂದು ಟ್ಯಾಂಕರಿನವರು ಬೆಳಗ್ಗೆಯೇ ನೀರು ಹೊಡೆದು ಹೋಗಿದ್ದರು, ನೆಲ ರಾಡಿಯಾಗಿತ್ತು. ಬೊಗಸೆಯಲ್ಲಿ ಆ ರಾಡಿ ತೆಗೆದು ಗಾಯಕ್ಕೆ ಮೆತ್ತಿದೆ. ಗೋಡೆಗೆ ಮಣ್ಣು ಮೆತ್ತುವ ಹಾಗೆ ಒಪ್ಪವಾಗಿ, ನಯವಾಗಿ ಮೆತ್ತಿದೆ. ಮೇಲೆ ಒಣ ಧೂಳನ್ನೂ ಉದುರಿಸಿದೆ. ಕೈ ತೊಳೆದುಕೊಂಡೆ.

ಹುಲುಗಣ್ಣ ಬಂದ. "ಹೋಗೋಣೇನ್ರಿ ಮೇಡಂ?" ಎಂದ. ಹೋಗೋಣ ಎಂದೆ. ಹೊಸಪೇಟೆಯವರೆಗೂ ನನ್ನ ತುಟಿಯಲ್ಲಿ ನಗು. ಗಾಡಿ ಓಡಿಸಿದೆ, ಗಾಡಿ ಓಡಿಸಿದೆ — ತಲೆಯಲ್ಲಿ ಅದೊಂದೇ. ಪಕ್ಕದಲ್ಲಿ ಕೂತವನ ನೆನಪೂ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಜೀಪು ತೊಳೆಯಲು ಹೋಯಿತು. ಮಾರನೆಯ ದಿನ ಗಾಡಿಗಳ ಇನ್‌ಚಾರ್ಜ್ ಇಬ್ಬರನ್ನೂ ಕರೆಸಿದರು. ಫೋಟೋ ತೋರಿಸಿದರು. ಹುಲುಗಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನಮ್ಮದೇ ಜೀಪು ಹೌದೋ ಅಲ್ಲವೋ ಎಂಬಂತೆ ನೋಡಿದ.

"ಸಾರ್, ನಾ ಎಲ್ಲೂ ಹೊಡ್ದಿಲ್ರಿ. ಮೇಡಂ ದಿನಾ ನನ್ ಬಾಜೂಕ ಇರ್ತಾರ. ಅವ್ರನ್ನ ಕೇಳ್ರಿ ಬೇಕಾದ್ರ."

ಸಾಹೇಬರು ನನ್ನ ಕಡೆ ತಿರುಗಿದರು. ಅವನೂ ತಿರುಗಿದ — ಎಷ್ಟು ನೆಮ್ಮದಿಯಿಂದ ತಿರುಗಿದ ಎಂದರೆ, ಇನ್ನು ಮುಗಿಯಿತು, ಮೇಡಂ ಹೇಳುತ್ತಾರೆ, ಹೋಗಿ ಚಹಾ ಕುಡಿಯೋಣ ಎಂಬಂತೆ. ನಾನು ಹೇಳಿದ್ದು ಇಷ್ಟು: "ನಂಗೆ ಗೊತ್ತಿಲ್ಲ ಸಾರ್. ದಾರೀಲಿ ನಾನು ನಿದ್ದೆ ಮಾಡಿಬಿಟ್ಟಿರ್ತೀನಿ."

ಸುಳ್ಳು. ಆ ಜೀಪಿನಲ್ಲಿ ನಾನು ಒಂದು ದಿನವೂ ಕಣ್ಣು ಮುಚ್ಚಿದವಳಲ್ಲ, ಅವನ ಕಾಲು ನೋಡುವುದರಲ್ಲೇ ದಾರಿ ಕಳೆಯುತ್ತಿತ್ತು.

ಅವನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದರು. ಅವನು ಜಗಳ ಮಾಡಲಿಲ್ಲ. ನಾನು ಕ್ಯಾಂಟೀನಿನಲ್ಲಿ ಭಾಷಣ ನಿಲ್ಲಿಸಿದೆ. ಅಷ್ಟಕ್ಕೇ ಮುಗಿದಿದ್ದರೆ ಒಂದು ದಿನ ಹಣ ಕೈಗಿಟ್ಟು ತೊಳೆದುಕೊಳ್ಳಬಹುದಿತ್ತೇನೋ. ಆದರೆ ನಾನು ಬಾಯಿಗೆ ಬಂದಂತೆ ಹೇಳಿದ ಆ 'ನಿದ್ದೆ' ಅವನ ತಲೆ ಹೊಕ್ಕಿತು. ಸೀಟಿ ಹಾಕುತ್ತ ಓಡಿಸುತ್ತಿದ್ದವನು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಕೂರತೊಡಗಿದ. ಚಹಾದ ಅಂಗಡಿ ಕಂಡಲ್ಲೆಲ್ಲ ಇಳಿದು ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದ. ಒಂದು ಬೆಳಗ್ಗೆ ಸಂಡೂರಿನ ದಾರಿಯಲ್ಲಿ ಜೀಪನ್ನು ಪಕ್ಕಕ್ಕೆ ನಿಲ್ಲಿಸಿದ.

"ಮೇಡಂ, ಖರೇ ಹೇಳ್ರಿ. ಗಾಡಿ ಹೊಡೀವಾಗ ನಾ ತೂಕಡಿಸ್ತೀನೇನ್ರಿ? ಗುದ್ದಿದ್ದು ನಂಗ ನೆಪ್ಪೇ ಇಲ್ಲ. ನೀವೂ ಮಕ್ಕಂಡಿದ್ರಿ, ನಾನೂ ಮಕ್ಕಂಡಿದ್ನೇನೋ. ಅಲ್ಲಿ ಕಂಬ ಇತ್ತೋ, ಮನುಷ್ಯ ಇದ್ದನೋ..."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಗುತ್ತದೆ? ದಾರಿಯಲ್ಲಿ ಇನ್ನೊಬ್ಬರಿಲ್ಲ, ಸಾಹೇಬರಿಲ್ಲ. ಅವನು ಕಾಯುತ್ತಿದ್ದ. ಬಾಯಿ ತೆರೆದೆ ಕೂಡ. "ಬಿಡ್ರಿ ಹುಲುಗಣ್ಣ, ಆಗಿದ್ದು ಆತು. ಡ್ಯೂಟಿಗೆ ತಡ ಆಗತೈತಿ," ಎಂದೆ.

ಮುಂದಿನ ತಿಂಗಳು ಅವನು ಕೆಲಸ ಬಿಟ್ಟ. ಮಂದಿಯನ್ನು ಕೂರಿಸಿಕೊಂಡು ಓಡಿಸುವ ಧೈರ್ಯ ಇಲ್ಲ ಎಂದನಂತೆ. ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದಾನೆಂದು ಬೇರೆ ಡ್ರೈವರುಗಳು ಹೇಳಿದರು. ಅಯ್ಯೋ ಪಾಪ ಎಂದೆ. ಹೌದು, ಎಲ್ಲರ ಜೊತೆ ನಾನೂ ಹಾಗೆಂದೆ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಹೋದ ತಿಂಗಳು ನನಗೆ ಲೈಸೆನ್ಸ್ ಸಿಕ್ಕಿತು. ಹಳೆಯದೊಂದು ಕಾರು ಕೊಂಡೆ, ನನ್ನ ಸ್ವಂತ ದುಡಿಮೆಯದು! ಈ ಭಾನುವಾರ ಒಬ್ಬಳೇ ಹಂಪಿಯ ಕಡೆ ಹೊರಟೆ. ಕಿಟಕಿ ಇಳಿಸಿದೆ, ಬಾಳೆತೋಟದ ಗಾಳಿ ಒಳಗೆ ನುಗ್ಗಿತು, ನಾನು ಕೂಗಿದೆ — ಅಂದಿನ ಹಾಗೆಯೇ. ಆ ಕೂಗು ಅರ್ಧಕ್ಕೆ ನಿಂತಿತು. ನನ್ನ ಕೈಗೆ ಸ್ಟೇರಿಂಗ್ ಬಂದಿದೆ, ಅವನ ಕೈಯಿಂದ ಹೋಗಿದೆ. ಕಮಲಾಪುರದಲ್ಲಿ ಹಂಪಿಗೆ ತಿರುಗಲಿಲ್ಲ. ಸೀದಾ ಕಂಪ್ಲಿಗೆ ಓಡಿಸಿದೆ. ಎಲ್ಲಿ ಮನಸ್ಸು ಬದಲಾಗಿಬಿಡುತ್ತದೋ ಎಂದು ಎಲ್ಲೂ ನಿಲ್ಲಿಸಲಿಲ್ಲ.

ಊರಲ್ಲಿ ಕೇಳಿಕೊಂಡು ಹೋದೆ, ಮಿಲ್ಲಿನ ಹಿಂದೆಯೇ ಅವನ ಮನೆ. ಹೆಂಡತಿ ಹನುಮಕ್ಕ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. "ಬರ್ರಿ ಮೇಡಂ, ಕುಂದ್ರಿ," ಎಂದು ಹುಲುಗಣ್ಣ ಚಾಪೆ ಹಾಸಿದ. ನಾನು ಕೂರಲಿಲ್ಲ. ನಿಂತೇ ಹೇಳಿದೆ. ರಜೆಯ ದಿನ, ಕೀಲಿ, ಕಂಬ, ರಾಡಿ, ಎಲ್ಲಾ.

ಅವನು ಹಣದ ಮಾತೇ ಎತ್ತಲಿಲ್ಲ.

"ಅಂದ್ರ ನಂಗ ನಿದ್ದಿ ಹತ್ತಿದ್ದಿಲ್ಲ?"

"ಇಲ್ಲ."

"ಒಂದ್ ಗಳಿಗೀನೂ?"

"ಇಲ್ಲ ಹುಲುಗಣ್ಣ. ನೀವು ಗಾಡ್ಯಾಗ ಇದ್ದಿದ್ದೇ ಇಲ್ಲ."

"ಲೇ ಹನುಮಿ, ಕೇಳಿದ್ಯೇನ? ನಂಗ ನಿದ್ದಿ ಹತ್ತಿದ್ದಿಲ್ಲಂತ! ನಾ ಯಾರಿಗೂ ಹೊಡ್ದಿಲ್ಲಂತ!" ಅವನು ನಗುತ್ತಿದ್ದ, ಕಣ್ಣಲ್ಲಿ ನೀರು ಬರುತ್ತಿತ್ತು. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಆ ಸಂತೋಷಕ್ಕೆ ತಯಾರಾಗಿರಲಿಲ್ಲ. ನಾಳೆ ಆಫೀಸಿನಲ್ಲಿ ಎಲ್ಲರೆದುರು ಹೇಳುತ್ತೇನೆ, ನನ್ನ ಕೆಲಸ ಹೋದರೆ ಹೋಗಲಿ ಎಂದೆ. ಅದು ಅವನ ಕಿವಿಗೆ ಬಿತ್ತೋ ಇಲ್ಲವೋ.

ಆಮೇಲೆ ನಿಧಾನವಾಗಿ ಆ ನಗು ಇಳಿಯಿತು. ಅವನು ನನ್ನನ್ನೇ ನೋಡಿದ.

"ನಾ ನಿಮ್ಮನ್ನ ಕೇಳಿದ್ನೆಲ್ರಿ ಮೇಡಂ," ಎಂದ. "ಜೀಪ್ ನಿಂದ್ರಿಸಿ ಕೇಳಿದ್ನೆಲ್ರಿ."

ಹೌದು. ಕೇಳಿದ್ದ.