ಹಂಪ್ ಬೇಕು, ನಮ್ಮ ಗೇಟ್ ಮುಂದೆ ಬೇಡ

ಹಲಸೂರಿನ ನಮ್ಮ ಬೀದಿಗೆ ಇವತ್ತು ಕೊನೆಗೂ ಹಂಪ್ ಬಂತು ಗೆಳೆಯರೇ. ಬೈಕುಗಳ ಓಟಕ್ಕೆ ಹೆದರಿ ಮಕ್ಕಳನ್ನು ಹೊರಗೆ ಆಡಲು ಬಿಡದ ನಾವೆಲ್ಲ ತಿಂಗಳುಗಟ್ಟಲೆ ಕಾಡಿ ಬೇಡಿ ತರಿಸಿಕೊಂಡದ್ದು. ಬೆಳಿಗ್ಗೆ ಡಾಂಬರಿನ ಗಾಡಿ ಬಂದು ನಿಂತಿತು. ಮೇಸ್ತ್ರಿ ಕೇಳಿದ: "ಯಾರ ಮನೆ ಮುಂದೆ ಹಾಕ್ಲಿ?"

ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದೆವು.

ಹಂಪ್‌ಗಾಗಿ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ಪಕ್ಕದ ಮನೆಯ ನಾರಾಯಣಪ್ಪನವರು, "ನಮ್ ಗೇಟ್ ಮುಂದೆ ಬೇಡ ಕಣ್ರೀ, ಕಾರಿನ ತಳ ಉಜ್ಜತ್ತೆ" ಎಂದರು. ಎದುರು ಮನೆಯ ಮೇರಿ ಆಂಟಿ, "ರಾತ್ರಿಯೆಲ್ಲಾ ಧಡ್ ಧಡ್ ಅಂದ್ರೆ ನಿದ್ದೆ ಹೇಗ್ ಬರತ್ತೆ?" ಎಂದರು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ. ಮೇಸ್ತ್ರಿಗೆ ರೇಗಿತು. "ಡಾಂಬರ್ ಆರೋಗ್ತಿದೆ. ಬೇಡ ಅಂದ್ರೆ ಹೇಳಿ, ವಾಪಸ್ ಹೋಗ್ತೀವಿ."

ಅಷ್ಟರಲ್ಲಿ ಬೀದಿಯ ಆ ತುದಿಯಿಂದ, ಮನೆಬಾಗಿಲಲ್ಲೇ ಇಡ್ಲಿ ಮಾರುವ ಸೆಲ್ವಿ ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದರು. "ನಮ್ಮನೆ ಮುಂದೆ ಹಾಕಪ್ಪಾ! ಗಾಡಿ ಸ್ಲೋ ಆದ್ರೆ ತಾನೇ ನಮ್ ಇಡ್ಲಿ ಕಣ್ಣಿಗೆ ಬೀಳೋದು?"

ಮೇಸ್ತ್ರಿ ಅಲ್ಲೇ ಹಾಕಿದ.

ಸಂಜೆ ಹೋಗಿ ನೋಡಿದೆ. ಗಾಳಿಯಂತೆ ಬರುತ್ತಿದ್ದ ಬೈಕಿನವರು ಹಂಪಿನ ಬಳಿ ಬ್ರೇಕ್ ಹಾಕಿ, ಇಡ್ಲಿಯ ಹಬೆ ನೋಡಿ, ಹೆಲ್ಮೆಟ್ ತೆಗೆದು ಸಾಲಾಗಿ ನಿಂತಿದ್ದರು. ಮಕ್ಕಳು ನಡುಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಾರಾಯಣಪ್ಪನವರು ತಟ್ಟೆ ಚಾಚಿ, "ಇನ್ನೊಂಚೂರು ಚಟ್ನಿ ಹಾಕಮ್ಮಾ" ಎನ್ನುತ್ತಿದ್ದರು.

ನಮ್ಮ ಬೆಂಗಳೂರು ಕೆಂಪು ಸಿಗ್ನಲ್ಲಿಗೆ ನಿಲ್ಲದಿರಬಹುದು, ಬಿಸಿ ಇಡ್ಲಿಗೆ ಖಂಡಿತ ನಿಲ್ಲುತ್ತದೆ.