ಸೊಲ್ಲು ಹಿಡಿದ ತಪ್ಪು

ನನ್ನ ಮೊಮ್ಮಗಳು ವೇದಿಕೆ ಮೇಲೆ ನಿಂತು ಕವಿತೆ ಹೇಳುತ್ತಾಳೆ, ತಾನೇ ಕಟ್ಟಿದ ಹಾಡು ಹಾಡುತ್ತಾಳೆ. ಅದೇ ಅವಳ ಕೆಲಸ. ಯಾದಗಿರಿ, ಕಲಬುರಗಿ, ಹುಬ್ಬಳ್ಳಿ ಅಂತ ತಿರುಗುತ್ತಲೇ ಇರುತ್ತಾಳೆ. ಇದೂ ಒಂದು ಕೆಲಸವೇನು ಅನ್ನುವವರು ಇನ್ನೂ ಇದ್ದಾರೆ. ನಾನೇ ಎರಡು ವರ್ಷ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಾನು ಓದಿದ್ದು ಮೂರನೇ ತರಗತಿ. ಹಾಡು ನನಗೆ ಬಂದದ್ದು ಕೆಂಭಾವಿ ಕಡೆಯ ಹೊಲಗಳಲ್ಲಿ, ಕಳೆ ತೆಗೆಯುವಾಗ. ಹತ್ತು ಹೆಂಗಸರು ಸಾಲು ಹಿಡಿದು ಕುಳಿತರೆ ಒಬ್ಬಳು ಒಂದು ಸೊಲ್ಲು ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹಾಡಬೇಕು. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಿದ್ದೆವು. ಹಿಡಿಯದಿದ್ದರೆ ಹೇಳಿದವಳಿಗೆ ಅವಮಾನ, ಮರುದಿನ ಅವಳು ನಿಮ್ಮ ಪಕ್ಕದಲ್ಲಿ ಕೂರುವುದಿಲ್ಲ. ಹಾಡು ಚೆನ್ನಾಗಿಲ್ಲದಿದ್ದರೂ ಹಿಡಿಯುತ್ತಿದ್ದೆವು, ಬೈಯುವುದು ಆಮೇಲೆ. ಗಂಡ ಸತ್ತ ವರ್ಷ ನನ್ನ ದನಿ ಒಡೆದು ಹೋಗಿತ್ತು. ಆಗಲೂ ಆ ಹೆಂಗಸರು ನನ್ನ ಒಂದು ಸೊಲ್ಲನ್ನೂ ಕೆಳಗೆ ಬೀಳಲು ಬಿಡಲಿಲ್ಲ. ಆ ಉಪಕಾರ ನಾನು ಮರೆತಿಲ್ಲ.

ಮೊಮ್ಮಗಳು ಬದುವಿನ ಮೇಲೆ ಕುಳಿತು ಅದನ್ನೆಲ್ಲ ಕೇಳಿ ಕಲಿತಳು ಅಂತ ಬರೆದರೆ ಚೆಂದ ಕಾಣುತ್ತದೆ. ಹಾಗೇನಿಲ್ಲ. ಅವಳು ಹೊಲಕ್ಕೆ ಬಂದರೆ ಬಿಸಿಲು ಅಂತ ಅಳುತ್ತಿದ್ದಳು. ಅವಳಿಗೆ ಕವಿತೆಯ ಹುಚ್ಚು ಹತ್ತಿದ್ದು ಶಹಾಪುರದ ಕಾಲೇಜಿನಲ್ಲಿ. ಎಲ್ಲಿಂದಲೋ ಹಳೆಯ ಗಿಟಾರು ತಂದಳು. ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಂತು ಒಂದೇ ಸಾಲನ್ನು ಇಪ್ಪತ್ತು ಬಗೆಯಲ್ಲಿ ಹೇಳುತ್ತಿದ್ದಳು.

"ಏನವ್ವಾ, ಗ್ವಾಡಿ ಜೋಡಿ ಜಗಳ ತಗದೀಯೇನು?" ಅಂತ ನಾನು ಕೇಳಿದರೆ, "ಗ್ವಾಡಿನ ಚಲೋ ಆಯಿ, ನಡುವ ಬಾಯಿ ಹಾಕಂಗಿಲ್ಲ" ಅನ್ನುತ್ತಿದ್ದಳು.

ಅವಳ ಅಪ್ಪ, ಅಂದರೆ ನನ್ನ ಮಗ, ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು. ಮಾತು ಕಮ್ಮಿ. ಒಂದು ದಿನ ಬಿ.ಎಡ್. ಅರ್ಜಿ ತಂದು ಅವಳ ಮುಂದೆ ಇಟ್ಟ.

"ಸುರಪುರದಾಗ ನಿಂದು ಪ್ರೋಗ್ರಾಮ್ ಅದಲ್ಲ, ನಾನೂ ಬರ್ತೀನಿ. ಮಂದಿ ಮುಂದ ನಾ ತಲಿ ಎತ್ತಿ ಕುಂದ್ರಂಗಿದ್ರ ಮುಂದ ನೋಡೂಣು. ಇಲ್ಲಾಂದ್ರ ಹಾಡು ಬಿಟ್ಟು ಇದರಾಗ ಸಹಿ ಮಾಡು."

ಅವಳು ಹ್ಞೂಂ ಅಂದಳು. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ರೊಟ್ಟಿ ಕೆಡಿಸುವುದು ನನಗಾಗುವುದಿಲ್ಲ, ಅವಳ ಪಾಲೂ ನಾನೇ ತಿಂದೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ನಮ್ಮ ಓಣಿಯ ಐದು ಹೆಂಗಸರನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಸುರಪುರಕ್ಕೆ ಹೋದೆ. ನಮ್ಮ ಮಂದಿ ಇದ್ದರೆ ಹುಡುಗಿಗೆ ಧೈರ್ಯ ಅಂತ. ಐವರೂ ಕೂಲಿ ಬಿಟ್ಟು ಬಂದಿದ್ದರು, ಐವರೂ ನನ್ನ ಜೊತೆ ಕಳೆ ತೆಗೆದವರೇ. ನಾವು ಮುಂದಿನ ಸಾಲಿನಲ್ಲಿ ಕುಳಿತೆವು. ಮಗ ಹಿಂದೆ, ಬಾಗಿಲ ಹತ್ತಿರ.

ಮೊಮ್ಮಗಳು ಗಿಟಾರು ಪಕ್ಕಕ್ಕಿಟ್ಟು ಮೊದಲು ಕವಿತೆ ಹೇಳಲು ನಿಂತಳು. ಅವಳ ಅವ್ವನ ಮೇಲಿನ ಕವಿತೆ.

"ಹತ್ತಿ ಬಿಡಿಸಾಕಿ ನಮ್ಮವ್ವ, ಉಟ್ಟದ್ದು ಪಾಲಿಸ್ಟರ್ ಸೀರಿ."

ಅಷ್ಟು ಹೇಳಿ ಸುಮ್ಮನೆ ನಿಂತಳು. ಆ ಸುಮ್ಮನಿರುವುದೂ ಕವಿತೆಯೊಳಗಿನದೇ ಅಂತೆ. ನನಗೆ ಯಾರು ಹೇಳಿದ್ದರು? ಇಷ್ಟು ಜನ ಕುಳಿತು ಒಬ್ಬರೂ ಸೊಲ್ಲು ಹಿಡಿಯಲಿಲ್ಲವಲ್ಲ, ಹುಡುಗಿಗೆ ಅವಮಾನ ಅಂದುಕೊಂಡೆ. ಗಟ್ಟಿಯಾಗಿ ಹಿಡಿದೆ: "ಉಟ್ಟದ್ದು ಪಾಲಿಸ್ಟರ್ ಸೀರಿ!" ನನ್ನ ಹಿಂದೆ ಐವರೂ ರಾಗ ಎಳೆದೇಬಿಟ್ಟರು. ಒಬ್ಬಳು ಮೇಲಿಂದ ಸೇರಿಸಿದಳು: "ಬೆವರಿಗಿ ಮೈಗ ಅಂಟ್ಕೋತದವ್ವಾ, ಅದೂ ಬರಿ!"

ಸಭೆ ಗೊಳ್ಳೆಂದು ನಕ್ಕಿತು. ಕಾರ್ಯಕ್ರಮ ನಡೆಸುವವರೊಬ್ಬರು ಓಡಿ ಬಂದು, "ಯವ್ವಾರೆ, ಸುಮ್ಮ ಕುಂದರ್ರಿ, ಇದು ಭಜನಿ ಅಲ್ಲ" ಅಂದರು. ಮೇಲೆ ಮೊಮ್ಮಗಳ ಮುಖ ಬಿಳಿಚಿತ್ತು. ಮುಂದಿನ ಸಾಲು ಹೇಳದೆ ಮೈಕು ಹಿಡಿದು ನಿಂತಳು. ಹಿಂದೆ ತಿರುಗಿ ನೋಡಿದೆ. ಮಗ ತಲೆ ತಗ್ಗಿಸಿ ಕುಳಿತಿದ್ದ. ಹುಡುಗಿಯ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಅಂದುಕೊಂಡೆ.

ಆಗ ಅವಳು ಮೈಕಿನಲ್ಲೇ ಅಂದಳು: "ಆಯಿ, ಇದು ನಿಮ್ಮ ಹೊಲ ಅಲ್ಲ."

ನಾನು ಕುಳಿತಲ್ಲಿಂದಲೇ ಅಂದೆ: "ಹೊಲದಾಗ ಹಿಂಗ ನಡುವ ನಿಂತ್ರ ಕೂಲಿ ಕೊಡಂಗಿಲ್ಲ. ಮುಂದ ಹೇಳು."

ಮತ್ತೆ ನಗು. ಅವಳಿಗೂ ನಗು ಬಂತು, ಅದರ ಜೊತೆ ಉಸಿರೂ ಬಂತು. ಕವಿತೆ ಮೊದಲಿನಿಂದ ಶುರು ಮಾಡಿದಳು. ನಾವು ಸೆರಗು ಬಾಯಿಗೆ ಒತ್ತಿಕೊಂಡು ಕುಳಿತೆವು. ಗಿಟಾರು ಎತ್ತಿಕೊಂಡ ಮೇಲೆ ನಮ್ಮ ಕಡೆ ಕೈ ಮಾಡಿ, "ಈಗ ಹಿಡೀರಿ" ಅಂದಳು. ಹಿಡಿದೆವು. ಹಿಂದಿನವರೂ ಹಿಡಿದರು. ಶ್ರುತಿ ಎಲ್ಲೆಲ್ಲಿಗೋ ಹೋಯಿತು, ಅದು ಬೇರೆ ಮಾತು.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಚಹಾದಂಗಡಿಯಲ್ಲಿ ಅಪ್ಪನ ಮುಂದೆ ಹೋಗಿ ನಿಂತಳು. ಆಯಿಯಿಂದ ಕೆಟ್ಟಿತು ಅಂತ ನನ್ನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ಅದಕ್ಕೆ ಇವತ್ತಿಗೂ ನಾನು ಅವಳಿಗೆ ಋಣಿ.

ಮಗ ಬಸಿಗೆ ಸುರಿದ ಚಹಾ ಊದಿದ. "ಎರಡನೇ ಸಲ ಹೇಳೂವಾಗ ಎರಡು ಸಾಲು ಬಿಟ್ಟಿ" ಅಂದ.

"ಯಾವು?"

ಅವನು ಹೇಳಿದ. "ಹತ್ತಿಕಾಯಿ ಚುಚ್ಚಿದ ಬೆರಳಿಲೆ ನನ್ನ ತಲಿ ಹಿಕ್ಕತಾಳ, ನೋವು ಯಾರ್ದು ಅಂತ ಇಬ್ಬರೂ ಕೇಳಂಗಿಲ್ಲ." ನಾಳೆ ನೀರು ಎಷ್ಟು ಗಂಟೆಗೆ ಬರುತ್ತದೆ ಅಂತ ಓಣಿಗೆ ಹೇಳುವ ದನಿಯಲ್ಲೇ ಹೇಳಿದ.

"ನಿನಗ ಹೆಂಗ ಗೊತ್ತಪ್ಪ?"

"ದಿನಾ ಹಿತ್ತಲದಾಗ ಒದರ್ತಿ. ಕಿವಿ ತಗದು ಗೂಟಕ್ಕ ಹಾಕಲೇನು?"

ಅವಳು ಸಣ್ಣ ದನಿಯಲ್ಲಿ, "ಮತ್ತ ಅರ್ಜಿ?" ಅಂದಳು.

"ಇರ್ಲಿ ಅದು. ಮುಂದಿನ ಸಲ ಆ ಎರಡು ಸಾಲು ಬಿಡಬ್ಯಾಡ."

ನನ್ನ ಮಗ ಹುಟ್ಟಿದಂದಿನಿಂದ ಯಾರನ್ನೂ ಹೊಗಳಿದವನಲ್ಲ. ನಾನು ಅವನಿಗೆ ಇನ್ನೊಂದು ಚಹಾ ಹೇಳಿದೆ.